ವಿಗ್ಯಾನದ ಮಾರಿ

ನಮ್ಮ ಊರಿನಲ್ಲಿ ಮನೆ ಕಟ್ಟಿಸುವವರು ಮೊದಲು ಗೋಡೆ ಎತ್ತಿಸುತ್ತಾರೆ, ಆಮೇಲೆ ಸೂರು ಹೊದಿಸುತ್ತಾರೆ, ಕೊನೆಗೆ ಸೂರಿನ ಒಳಮೈಗೆ ಹಳೆ ಸೀರೆ ಮಡಚಿ ಹೊಲಿದ ದಪ್ಪನೆಯ ಕೌದಿ ಹೊಡೆಸುತ್ತಾರೆ. ಕೌದಿಯಿಲ್ಲದ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಹೋದ ಮನೆಯಲ್ಲಿ ಮಗಳು ನಾಲ್ಕು ದಿನ ನಗುನಗುತ್ತಾ ಇರಲಿ ಎನ್ನುವವರು ಅವಳ ತಲೆಯ ಬಗ್ಗೆಯೂ ಯೋಚಿಸಬೇಕಲ್ಲ. ನಕ್ಕರೆ ನಾವು ಹಗುರಾಗುತ್ತೇವೆ. ನಮ್ಮ ಕೈಯಳತೆಯಲ್ಲಿರುವ ಸಾಮಾನೂ ಹಗುರಾಗುತ್ತದೆ. ಮುಗುಳ್ನಕ್ಕರೆ ಹಿಮ್ಮಡಿ ಏಳುತ್ತದೆ, ಗಹಗಹಿಸಿದರೆ ಗೇಣುದ್ದ, ಹೊಟ್ಟೆ ಹಿಡಿದುಕೊಂಡು ನಕ್ಕರೆ ನೇರ ಕೌದಿಗೆ. ನಗು ನಿಂತ ಮೇಲೆ ಮೆಲ್ಲಗೆ ಇಳಿಯುತ್ತೇವೆ.

ಇದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ಕಿರಾಣಿ ಅಂಗಡಿಯ ಚಂದ್ರಾಮಪ್ಪ ತಕ್ಕಡಿಯ ಮೇಲೆ ‘ಇಲ್ಲಿ ನಗಬಾರದು’ ಎಂದು ಬರೆಸಿದ್ದಾನೆ. ಆದರೂ ಗಿರಾಕಿಗಳು ಬೆಲ್ಲದ ತಟ್ಟೆಯ ಕಡೆಗೆ ಬಾಗಿ ‘ಅಲ್ಲೋ ಚಂದ್ರಾಮ, ನಿನ್ನ ಅಳಿಯನ ಮೀಸಿ ಈಗ ಎಲ್ಲೀಮಟಾ ಬಂತು?’ ಎಂದು ಕಿಸಕ್ಕೆಂದು ಒಂದು ಚೂರು ಹೆಚ್ಚು ಬೆಲ್ಲ ಗಿಟ್ಟಿಸಿಕೊಳ್ಳುತ್ತಾರೆ. ಹೆಣ ಹೊರುವಾಗ ಸತ್ತವರ ಫಜೀತಿಗಳನ್ನು ಬಲ್ಲ ಗೆಳೆಯನೊಬ್ಬ ಚಟ್ಟದ ಪಕ್ಕದಲ್ಲೇ ನಡೆಯುತ್ತಾನೆ. ಅವನು ಒಂದೊಂದೇ ಕಥೆ ಬಿಚ್ಚಿದಂತೆ ಹೊತ್ತವರ ಹೆಗಲು ಹಗುರಾಗುತ್ತಾ ಹೋಗುತ್ತದೆ. ಪರಸ್ಥಳದವರ ಮುಂದೆ ಮಾತ್ರ ನಾವು ನಗುವುದಿಲ್ಲ. ಬಂದವರ ಟೋಪಿ, ಚೀಲ ತೇಲಿಹೋದರೆ ಊರಿಗೇ ಅವಮಾನ. ಹೀಗಾಗಿ ಸುತ್ತಲಿನವರು ನಮ್ಮದನ್ನು ಗಂಟುಮೋರೆಯವರ ಊರು ಎನ್ನುತ್ತಾರೆ. ಎನ್ನಲಿ.

ನಾನು ಇಲ್ಲಿಯ ಬಾಲವಾಡಿಯ ಶಿಕ್ಷಕಿ. ಹೆಸರು ಮಹಾನಂದಾ, ಮಕ್ಕಳ ಬಾಯಲ್ಲಿ ಅಕ್ಕೋರು. ಇಂಥ ಊರಲ್ಲಿ ಹುಟ್ಟಿಯೂ ನಾನು ಕೌದಿ ಮುಟ್ಟಿದವಳಲ್ಲ. ನನಗೆ ದುಃಖವೇನೂ ಇಲ್ಲ, ಚಿಂತೆ ಮಾತ್ರ. ಒಲೆ ಆರಿಸಿದೆನೋ ಇಲ್ಲವೋ, ಚಿಲಕ ಬಿದ್ದಿತೋ ಇಲ್ಲವೋ, ನಿನ್ನೆ ಹಲಗೆಯ ಮೇಲೆ ಬರೆದ ‘ಳ’ದ ಸುರುಳಿ ಸರಿಯಾದ ಕಡೆಗೇ ತಿರುಗಿತ್ತೋ ಇಲ್ಲವೋ. ಇಷ್ಟು ಹೊತ್ತುಕೊಂಡು ಏಳುವುದು ಹೇಗೆ? ಮದುವೆಗಳಲ್ಲಿ ಚಪ್ಪರದ ಹಗ್ಗ ಹಿಡಿಯಲು ನನ್ನನ್ನೇ ಕರೆಯುತ್ತಾರೆ. ‘ಅಕ್ಕೋರು ಹಿಡದಾರಂದ್ರ ಚಪ್ಪರ ಎಲ್ಲಿಗೂ ಹೋಗೂದಿಲ್ಲ’ ಎಂದು ಬೀಗರಿಗೆ ಧೈರ್ಯ ಹೇಳುತ್ತಾರೆ. ಅದು ಹೊಗಳಿಕೆಯೇ ಇರಬೇಕು.

ನಾನು ಓದಿದ್ದು ಪಕ್ಕದ ಊರಿನ ಸಂಜೆ ತರಗತಿಯಲ್ಲಿ. ತರಗತಿ ನಡೆಯುತ್ತಿದ್ದದ್ದು ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ. ಮೇಡಂ ಚೆನ್ನಾಗಿಯೇ ಹೇಳಿಕೊಡುತ್ತಿದ್ದರು. ಆದರೆ ಯಾರಾದರೂ ಜೋಳದ ಚೀಲ ತಂದು ಸುರಿದರೆ ಸಾಕು, ಗಿರಣಿ ಗರ್ಜಿಸಿ ವಾಕ್ಯದ ಉಳಿದರ್ಧವನ್ನು ನುಂಗಿಬಿಡುತ್ತಿತ್ತು. ಕೈ ಎತ್ತಿ ಇನ್ನೊಮ್ಮೆ ಹೇಳಿ ಎನ್ನಲು ನನಗೆ ಸಂಕೋಚ. ಹೀಗಾಗಿ ನನ್ನ ವಿದ್ಯೆಯೆಲ್ಲ ಅರ್ಧರ್ಧ ವಾಕ್ಯಗಳದ್ದು. ಮಕ್ಕಳಿಗೆ ಏನಾದರೂ ಹೇಳಿಕೊಡುವಾಗೆಲ್ಲ, ಗಿರಣಿ ನುಂಗಿದ ಅರ್ಧದಲ್ಲಿ ‘ಆದರೆ’ ಎಂಬುದೊಂದು ಇದ್ದಿರಬಹುದೇ ಎಂದು ಎದೆ ಹೊಡೆದುಕೊಳ್ಳುತ್ತದೆ.

ತರಗತಿಯ ಸರ್ಟಿಫಿಕೇಟು ಕೈಗೆ ಬರಬೇಕಾದರೆ ಹೊರಗಿನ ಪರೀಕ್ಷಕರೊಬ್ಬರ ಮುಂದೆ ಮಕ್ಕಳಿಗೆ ಒಂದು ವಿಜ್ಞಾನದ ಪಾಠ ಮಾಡಿ ತೋರಿಸಬೇಕು. ಹಿಂದೊಮ್ಮೆ ನೆರಳಿನ ಪಾಠ ಮಾಡಲು ಹೋಗಿ ಫೇಲಾಗಿದ್ದೆ. ಬಿಸಿಲಿಗೆ ಓಡಬೇಡಿ, ಬರಿಗಾಲಲ್ಲಿ ನಿಲ್ಲಬೇಡಿ, ಸೂರ್ಯನನ್ನು ನೋಡಬೇಡಿ ಎಂದು ಎಚ್ಚರಿಕೆಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಮೋಡ ಕವಿದು ನೆರಳೇ ಇರಲಿಲ್ಲ. ಈ ಸಲವೂ ಪಾಸಾಗದಿದ್ದರೆ ಹೊರಗಿನಿಂದ ಬೇರೆ ಶಿಕ್ಷಕಿಯನ್ನು ಕರೆಸುವುದೆಂದು ಊರ ಪಂಚರು ಹೇಳಿದ್ದರು. ಹೊರಗಿನಿಂದ ಬಂದವಳ ಮುಂದೆ ಮಕ್ಕಳು ನಗುವ ಹಾಗಿಲ್ಲ. ನಗದ ಬಾಲವಾಡಿಯನ್ನು ನೆನೆಸಿಕೊಂಡರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಈ ಸಲ ಕೊಟ್ಟ ಪಾಠ, ತೇಲುವುದು ಮತ್ತು ಮುಳುಗುವುದು. ಒಂದು ಬಕೆಟ್ಟು ನೀರು, ಒಂದು ಕಲ್ಲು, ಒಂದು ಬೇವಿನ ಎಲೆ, ಒಂದು ಚಮಚ. ಒಂದೊಂದನ್ನೂ ಎತ್ತಿ ತೋರಿಸಿ ‘ತೇಲ್ತದೋ, ಮುಳುಗ್ತದೋ?’ ಎಂದು ಕೇಳಬೇಕು, ಮಕ್ಕಳು ಊಹಿಸಬೇಕು, ಆಮೇಲೆ ನೀರಿಗೆ ಹಾಕಿ ನೋಡಬೇಕು. ಇಷ್ಟು ಸುಲಭದ ಪಾಠ ಸಿಕ್ಕಿತೆಂದು ಹಿಗ್ಗಿ ಮೊದಲ ದಿನ ಅಭ್ಯಾಸಕ್ಕೆ ಕೂತೆ. ‘ಕಲ್ಲು?’ ಎಂದೆ. ‘ಮುಳುಗ್ತದ್ರೀ!’ ಎಂದು ಮಕ್ಕಳು ಕೂಗಿದರು. ಹಾಕಿದೆ. ಕಲ್ಲು ಡುಬುಕ್ ಎಂದಿತು. ಅಷ್ಟೇ ಸಾಕಾಯಿತು. ಆ ಡುಬುಕ್ಕಿಗೆ ಮಲ್ಲು ಎಂಬ ನಾಲ್ಕು ವರ್ಷದ ಪೋರ ಕಿಸಕ್ಕೆಂದ. ಅವನ ಪಕ್ಕದ ಲೀಲಾ ನಕ್ಕಳು. ಕಲ್ಲು ನಿದ್ದೆಯಿಂದೆದ್ದ ಆಮೆಯ ಹಾಗೆ ಮೇಲೆ ಬಂದು ನೀರಿನ ಮೇಲೆ ಗಿರಿಗಿರಿ ತಿರುಗಿತು. ಅದನ್ನು ನೋಡಿ ಇಡೀ ಬಾಲವಾಡಿ ನಕ್ಕಿತು. ಚಮಚ ಹಾರಿತು, ಎಲೆ ಕೌದಿಗೆ ಅಂಟಿತು, ಮಕ್ಕಳೆಲ್ಲ ಸೊಂಟದಿಂದ ಕಿಟಕಿಯ ಸರಳಿಗೆ ಕಟ್ಟಿದ ಉದ್ದನೆಯ ಉಡಿದಾರದ ತುದಿಯಲ್ಲಿ ಗಾಳಿಪಟಗಳ ಹಾಗೆ ಹೊಯ್ದಾಡಿದರು. ನಾನೊಬ್ಬಳೇ ನೆಲದ ಮೇಲೆ ನಿಂತು ‘ಇಳೀರಿ, ಇಳೀರಿ, ಪಾಠ ಅದ!’ ಎಂದು ಕೈ ಬೀಸುತ್ತಿದ್ದೆ.

ಆಗ ಗಾಬರಿಯಲ್ಲಿ ನಾನೊಂದು ಮಾತು ಆಡಿದೆ. ‘ನೋಡ್ರಿ, ನಗದೇ ನೋಡೂದಕ್ಕನ ವಿಜ್ಞಾನ ಅಂತಾರ’ ಎಂದೆ. ಮಕ್ಕಳು ಅದನ್ನು ಬಿಗಿಯಾಗಿ ಹಿಡಿದುಕೊಂಡರು. ಹುಬ್ಬು ಗಂಟಿಕ್ಕಿ, ತುಟಿ ಒಳಗೆ ಮಡಚಿ, ಕೆನ್ನೆ ಉಬ್ಬಿಸಿ ಕೂರುವುದನ್ನು ಕಲಿತರು. ಅದಕ್ಕೆ ಅವರೇ ‘ವಿಗ್ಯಾನದ ಮಾರಿ’ ಎಂದು ಹೆಸರಿಟ್ಟರು. ಮಾರಿ ಎಂದರೆ ನಮ್ಮ ಕಡೆ ಮುಖ. ‘ಮಾರಿ ಮಾಡ್ರಿ!’ ಎಂದರೆ ಸಾಕು, ಎಲ್ಲರೂ ಒಂದೇ ಕ್ಷಣದಲ್ಲಿ ಹರಳೆಣ್ಣೆ ಕುಡಿದವರಂತಾಗುತ್ತಿದ್ದರು. ಕಲ್ಲು ಮುಳುಗಿ ಮುಳುಗಿದಲ್ಲೇ ಇರುತ್ತಿತ್ತು. ನಾನು ಗೆದ್ದೆ ಅಂದುಕೊಂಡೆ.

ಮರುವಾರವೇ ಮಲ್ಲುವಿನ ಅಜ್ಜಿ ಬಂದಳು. ‘ಅಕ್ಕೋರೆ, ನೀವು ಏನು ಕಲಸಾಕತ್ತೀರಿ? ಮುಂಜಾನೆ ನಮ್ಮ ಮಲ್ಲ್ಯಾ ಹಿತ್ತಲದಾಗ ಕುಂತು ಮಾರಿ ಗಂಟು ಹಾಕಿದ್ದ. ಹೊಟ್ಟಿ ಕಡೀತೈತೇನೋ ಅಂದೆ. ಸುಮ್ಮನಿರಜ್ಜಿ, ವಿಗ್ಯಾನ ಮಾಡಾಕತ್ತೀನಿ ಅಂದ!’ ಅಜ್ಜಿ ಹೇಳುತ್ತಾ ಹೇಳುತ್ತಾ ತಾನೇ ನಕ್ಕು ಹೊಸ್ತಿಲಿನಿಂದ ಮೊಳದುದ್ದ ಎದ್ದು ಚೌಕಟ್ಟಿಗೆ ತಲೆ ಬಡಿಸಿಕೊಂಡಳು. ಲೀಲಾಳ ಮನೆಯಲ್ಲಿ ಗಂಡಹೆಂಡತಿ ಮುನಿಸಿಕೊಂಡು, ಮಾತಿಲ್ಲದೆ ಎದುರುಬದುರು ಕೂತು ಉಣ್ಣುತ್ತಿದ್ದರಂತೆ. ಲೀಲಾ ಓಣಿಗೆ ಓಡಿಬಂದು ‘ಶ್, ಗದ್ದಲ ಮಾಡಬ್ಯಾಡ್ರಿ, ನಮ್ಮಪ್ಪ ನಮ್ಮವ್ವ ಇಬ್ರೂ ವಿಗ್ಯಾನ ಮಾಡಾಕತ್ತಾರ’ ಎಂದು ಎಲ್ಲರನ್ನೂ ಸುಮ್ಮನಿರಿಸಿದಳಂತೆ. ಆ ಹೊತ್ತು ಓಣಿಯಲ್ಲಿ ಒಂದು ಕೊಡವೂ ನೆಲದ ಮೇಲಿರಲಿಲ್ಲ ಎಂದು ನಮ್ಮ ಆಯಾ ದ್ಯಾಮವ್ವ ವರದಿ ಒಪ್ಪಿಸಿದಳು. ಎಲ್ಲರೂ ನಕ್ಕರು. ನನಗೆ ಮಾತ್ರ, ಈ ಮಕ್ಕಳು ದೊಡ್ಡವರಾಗಿ ಜನ್ಮವಿಡೀ ಸಿಡುಕಿದವರನ್ನೆಲ್ಲ ವಿಜ್ಞಾನಿಗಳೆಂದು ನಂಬಿದರೆ ಆ ಪಾಪ ಯಾರ ತಲೆಗೆ ಎಂಬ ಚಿಂತೆ ಹತ್ತಿತು. ತಿದ್ದೋಣವೆಂದರೆ ಪರೀಕ್ಷೆ ಎದುರಿಗೇ ಇತ್ತು.

ಪರೀಕ್ಷಕರ ಹೆಸರು ತಿಳಿದ ದಿನ ನನ್ನ ಚಿಂತೆಗಳಿಗೆ ಇನ್ನೊಂದು ಸೇರಿತು. ಗುಗ್ಗರಿ ಸರ್. ಒಳ್ಳೆಯ ಮನೆತನದ ಹೆಸರೇ ಇರಬೇಕು. ಆದರೆ ನಮ್ಮ ಬಾಲವಾಡಿಯಲ್ಲಿ ಹನ್ನೊಂದು ಗಂಟೆಗೆ ಕೊಡುವ ಬೇಯಿಸಿದ ಕಾಳಿನ ಹೆಸರೂ ಗುಗ್ಗರಿಯೇ. ಇಷ್ಟು ಮಕ್ಕಳು, ಇಷ್ಟು ಹಸಿದ ಹೊಟ್ಟೆ, ಅಂಥ ಹೆಸರು. ‘ಬಂದವರಿಗೆ ಬರೇ ಸರ್ ಅನ್ರಿ’ ಎಂದು ಮಕ್ಕಳಿಗೆ ತಾಕೀತು ಮಾಡಿದೆ. ‘ಹೆಸರೊಂದು ಬಾಯಿಂದ ಹೊರಗ ಬರಬಾರದು ನೋಡು’ ಎಂದು ದ್ಯಾಮವ್ವನಿಗೆ ಹೇಳಿದರೆ ಅವಳು ಆಗಲೇ ಸೆರಗು ಬಾಯಿಗೆ ತುರುಕಿಕೊಂಡು ಒಂದು ಗೇಣು ಮೇಲಿದ್ದಳು.

ಅವರು ಬಂದರು. ಎತ್ತರದ ಆಳು, ಬಿಳಿ ಧೋತ್ರ, ಕರಿ ಕೋಟು, ಕೈಯಲ್ಲಿ ಕೊಡೆ, ಮೀಸೆಯ ಎರಡೂ ತುದಿ ಕೆಳಮುಖ. ಬಂದವರೇ ತಲೆಯೆತ್ತಿ ನೋಡಿ ‘ಸೂರಿಗೆ ಕೌದಿ ಯಾಕ ಹೊಡದೀರಿ?’ ಎಂದರು. ‘ಒಣಾ ಹಾಕೀವ್ರಿ’ ಎಂದಳು ದ್ಯಾಮವ್ವ. ಅವರು ಕುರ್ಚಿಯಲ್ಲಿ ಕೂತು ‘ಸುರು ಮಾಡ್ರಿ’ ಎಂದರು.

ನಾನು ಸುರು ಮಾಡಿದೆ. ಎಲೆ ತೇಲಿತು, ಚಮಚ ಮುಳುಗಿತು. ಮಕ್ಕಳ ಮಾರಿಗಳು ಕಲ್ಲಿನಲ್ಲಿ ಕಡೆದ ಹಾಗಿದ್ದವು. ಕಲ್ಲು ಡುಬುಕ್ ಎಂದಾಗ ಮಲ್ಲುವಿನ ಕೆನ್ನೆ ಎರಡು ಸಲ ನಡುಗಿತು, ಆದರೆ ತಡೆದುಕೊಂಡ. ಕಲ್ಲು ತಳ ಸೇರಿ ಅಲ್ಲೇ ಉಳಿಯಿತು. ಗುಗ್ಗರಿ ಸರ್ ಮೆಚ್ಚಿದಂತೆ ತಲೆಯಾಡಿಸಿದರು. ‘ಭಾಳ ಶಿಸ್ತಿನ ಮಕ್ಕಳು’ ಎಂದರು. ಪಾಸಾದೆ ಎಂದು ನನ್ನ ಎದೆ ಮೊದಲ ಸಲ ಸಡಿಲಾಯಿತು. ಅವರು ಏಳುವ ಮುಂಚೆ ಮುಂದೆ ಕೂತಿದ್ದ ಲೀಲಾಳನ್ನು ಕೇಳಿದರು, ‘ಏನವ್ವಾ, ಕಲ್ಲು ಯಾಕ ಮುಳುಗಿತು?’

‘ನಾವು ನಗಲಿಲ್ಲಲ್ರಿ, ಅದಕ್ಕ’ ಎಂದಳು ಲೀಲಾ.

‘ಏನಂದಿ?’

‘ನಾವು ನಕ್ಕಿದ್ರ ಮ್ಯಾಲ ಬರ್ತಿತ್ರಿ.’

ಗುಗ್ಗರಿ ಸರ್ ನನ್ನ ಕಡೆ ತಿರುಗಿದರು. ‘ತಪ್ಪು ಉತ್ತರ. ಅಕ್ಕೋರೆ, ತಿದ್ದ್ರಿ. ತಪ್ಪು ಉತ್ತರಕ್ಕ ನೀವು ಏನು ಮಾಡ್ತೀರಿ ಅನ್ನೂದಕ್ಕೂ ಮಾರ್ಕ್ಸ್ ಅದಾವ.’

ಎಷ್ಟು ಸಣ್ಣ ಕೆಲಸ. ‘ಹಂಗಲ್ಲವ್ವಾ, ಕಲ್ಲು ಭಾರ, ಅದಕ್ಕ ಮುಳುಗ್ತು’ ಎಂದರೆ ಮುಗಿಯಿತು. ಪುಸ್ತಕದಲ್ಲೂ ಹಾಗೇ ಇದೆ. ಬಾಯಿ ತೆರೆದೆ. ಲೀಲಾ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಅನುಮಾನವೇ ಇರಲಿಲ್ಲ, ಅಕ್ಕೋರು ಸ್ವತಃ ಕಣ್ಣಾರೆ ಕಂಡಿದ್ದಾರಲ್ಲ. ಆಗ ಸಂಜೆ ತರಗತಿಯಲ್ಲಿ ಮೇಡಂ ಇದೇ ವಿಷಯ ಹೇಳಿದ್ದು ನೆನಪಾಯಿತು. ‘ಮಗು ತಪ್ಪು ಉತ್ತರ ಕೊಟ್ಟರೆ ಅದನ್ನು ಎಂದಿಗೂ...’ ಎಂದಿದ್ದರು, ಅಷ್ಟರಲ್ಲಿ ಗಿರಣಿ ಗರ್ಜಿಸಿತ್ತು. ಎಂದಿಗೂ ಏನು? ಎಂದಿಗೂ ಹಾಗೇ ಬಿಡಬೇಡಿ ಎಂದರೋ? ಎಂದಿಗೂ ಬೈಯಬೇಡಿ ಎಂದರೋ? ಕೋಣೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಇಷ್ಟು ವರ್ಷ ಉಳಿದರ್ಧ ಯಾರಾದರೂ ಬಂದು ಹೇಳಿಯಾರೆಂದು ಕಾದಿದ್ದೆ. ಯಾರೂ ಬರುವಂತಿರಲಿಲ್ಲ. ನಾನೇ ಮುಗಿಸಬೇಕಾಯಿತು.

‘ಸರ್,’ ಎಂದೆ. ‘ತಪ್ಪು ಅನ್ನೂಕಿಂತ ಮೊದಲ, ಆಕಿ ಹೇಳಿದ್ದನ್ನ ಒಂದ್ಸಲ ಮಾಡಿ ನೋಡೂಣ್ರಿ.’

‘ಏನು ಮಾಡಿ ನೋಡೂದು?’

‘ನಕ್ಕು ನೋಡೂದ್ರಿ.’

ಅವರ ಮೀಸೆಯ ತುದಿಗಳು ಇನ್ನಷ್ಟು ಇಳಿದವು. ‘ಮಾಡ್ರಿ. ಲಗೂನ ಮಾಡ್ರಿ’ ಎಂದರು. ಊರಿನ ಮರ್ಯಾದೆ, ಸರ್ಟಿಫಿಕೇಟು, ಎರಡೂ ಬಾಗಿಲಾಚೆ ಹೋಗುತ್ತಿರುವುದು ನನಗೆ ಕಾಣುತ್ತಿತ್ತು. ಆದರೂ ಮಕ್ಕಳ ಕಡೆ ತಿರುಗಿ ‘ನಗ್ರಿ’ ಎಂದೆ.

ಯಾರೂ ನಗಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದೆ. ‘ಈಗ ನಗಬಹುದವ್ವಾ, ನಗ್ರೆಪ್ಪಾ’ ಎಂದೆ. ಮಕ್ಕಳು ಹ ಹ ಹ ಎಂದು ಬಾಯಿಪಾಠ ಒಪ್ಪಿಸಿದರು. ಕಲ್ಲು ಅಲುಗಲಿಲ್ಲ. ‘ಇದು ಖೊಟ್ಟಿ ನಗಿ ಐತ್ರಿ, ಕಲ್ಲಿಗೆ ಗೊತ್ತಾಗ್ತದ’ ಎಂದಳು ಲೀಲಾ. ಸರಿ, ಕಥೆಯನ್ನಾದರೂ ಹೇಳೋಣವೆಂದು ಶುರುಮಾಡಿದೆ. ‘ಒಂದೂರಾಗ ಒಂದು ಇಲಿ ಇತ್ತು. ಅದು ಬೆಕ್ಕಿನ ಮದವಿಗೆ ಹೊಂಟಿತು. ಹೊಂಟಿತು ಅಂದ್ರ, ಮನ್ಯಾಗ ಅವ್ವಗ ಹೇಳೇ ಹೊಂಟಿತು. ಹೇಳದ ಕೇಳದ ಯಾರೂ ಹೊರಗ ಹೋಗಬಾರದು, ತಿಳೀತಿಲ್ಲೋ?’ ಮಕ್ಕಳು ಗಂಭೀರವಾಗಿ ತಲೆಯಾಡಿಸಿದರು. ಗುಗ್ಗರಿ ಸರ್ ಕೋಟಿನಿಂದ ಪೆನ್ನು ತೆಗೆದರು.

ಅವರು ಪೆನ್ನಿನ ಟೋಪಿ ಬಿಚ್ಚುವುದನ್ನು ಮಲ್ಲು ನೋಡುತ್ತಿದ್ದ. ಅವನಿಗೆ ಅವರ ಮೇಲೆ ಕನಿಕರ ಬಂದಿರಬೇಕು, ಇಷ್ಟು ಹೊತ್ತಾದರೂ ಯಾರೂ ಮಾತಾಡಿಸಿಲ್ಲವಲ್ಲ. ಮನೆಗೆ ಬಂದ ದೊಡ್ಡವರನ್ನು ಕೇಳುವ ಹಾಗೆ ಕೇಳಿದ, ‘ಅಜ್ಜಾರ, ನಿಮ್ಮ ಹೆಸರೇನ್ರಿ?’

ನಾನು ಕಣ್ಣು ಮುಚ್ಚಿಕೊಂಡೆ.

‘ನನ್ನ ಹೆಸರು ಗುಗ್ಗರಿ.’

ಮಲ್ಲು ಒಂದು ಗಳಿಗೆ ಯೋಚಿಸಿದ. ಆಮೇಲೆ ಬಹಳ ಮರ್ಯಾದೆಯಿಂದ, ‘ನನಗ ಹೆಸರು ಗುಗ್ಗರಿ ಬ್ಯಾಡ್ರಿ,’ ಎಂದ. ‘ಹೆಸರುಕಾಳು ತಿಂದ್ರ ನಮ್ಮಜ್ಜಿ ಬೈತಾಳ, ಹೊಟ್ಟಿ ಉಬ್ಬತೈತಿ ಅಂತ. ನನಗ ಕಡ್ಲಿ ಗುಗ್ಗರಿ ಇದ್ರ ಕೊಡ್ರಿ.’

ಅಡುಗೆಕೋಣೆಯಲ್ಲಿ ದ್ಯಾಮವ್ವ ಮತ್ತು ಒಂದು ಪಾತೇಲಿ ಒಟ್ಟಿಗೇ ಸೂರಿಗೆ ಬಡಿದ ಸದ್ದಾಯಿತು. ಲೀಲಾಳ ಮೂಗಿನಿಂದ ಒಂದು ಸಣ್ಣ ಶಬ್ದ ಹೊರಟಿತು. ಅವಳ ಹಿಂದಿನವಳ ಕೆನ್ನೆ ಬಲೂನಿನಂತೆ ಒಡೆಯಿತು. ಆಮೇಲೆ ತಡೆಯುವವರೇ ಇಲ್ಲ. ಇಷ್ಟು ದಿನ ಮಾರಿಯ ಹಿಂದೆ ಕೂಡಿಟ್ಟಿದ್ದ ನಗುವೆಲ್ಲ ಒಮ್ಮೆಲೇ ಹೊರಬಂತು. ಚಮಚ ಚಿಮ್ಮಿತು. ಕಲ್ಲು ಬಕೆಟ್ಟಿನ ತಳದಿಂದ ಎದ್ದು, ನೀರು ದಾಟಿ, ಹನಿ ಉದುರಿಸುತ್ತಾ ಗುಗ್ಗರಿ ಸರ್ ಅವರ ಮೂಗಿನ ಮಟ್ಟಕ್ಕೆ ಬಂದು ನಿಂತು ತಿರುಗತೊಡಗಿತು.

‘ಬಂತ್ ನೋಡ್ರಿ ಸರ್!’ ಎಂದು ಲೀಲಾ ಮೇಲಿನಿಂದ ಕೂಗಿದಳು.

ಅವರು ಕಲ್ಲನ್ನು ನೋಡಿದರು. ಬೆರಳಿನಿಂದ ಮುಟ್ಟಿದರು. ಅದು ಸರಿದು ಮತ್ತೆ ಬಂತು. ‘ಹೆಸರು ಗುಗ್ಗರಿ,’ ಎಂದರು ತಮ್ಮಷ್ಟಕ್ಕೆ. ಮೀಸೆಯ ಒಂದು ತುದಿ ಎದ್ದಿತು. ‘ಹೊಟ್ಟಿ ಉಬ್ಬತೈತಿ,’ ಎಂದರು. ಇನ್ನೊಂದು ತುದಿಯೂ ಎದ್ದಿತು. ಆಮೇಲೆ ಅವರ ಕೋಟಿನೊಳಗಿನಿಂದ ಹೊರಟ ನಗುವಿದೆಯಲ್ಲ, ಅಂಥದ್ದನ್ನು ನಾನು ಈ ಊರಿನಲ್ಲೂ ಕೇಳಿರಲಿಲ್ಲ. ಕುರ್ಚಿ ಸಮೇತ ಹೊರಟೇಬಿಟ್ಟರು. ಮಕ್ಕಳಿಗಾದರೆ ಉಡಿದಾರವಿತ್ತು, ಅವರಿಗೆ ಏನಿತ್ತು? ನಾನು ಜಿಗಿದು ಸಿಕ್ಕಿದ್ದನ್ನು ಹಿಡಿದೆ. ‘ಧೋತ್ರ ಬಿಡ್ರಿ ಅಕ್ಕೋರೆ, ಮಾನ ಹೋಗ್ತದ! ಕಾಲು ಹಿಡೀರಿ, ಕಾಲು!’ ಎಂದು ಕೂಗಿದರು. ಕೂಗುತ್ತಲೇ ಮತ್ತೆ ನಕ್ಕು ಇನ್ನೂ ಮೇಲೇರಿದರು. ‘ಸರ್ ತೇಲ್ತಾರೋ, ಮುಳುಗ್ತಾರೋ?’ ಎಂದು ಯಾರೋ ಕೇಳಿದರು. ‘ತೇಲ್ತಾರ್ರೀ!’ ಎಂದು ಉಳಿದವರೆಲ್ಲ ಊಹಿಸಿದರು. ಅವರು ಕೌದಿಗೆ ಮೆತ್ತಗೆ ಬಡಿದು, ಅಂಗಾತ ತೇಲಿ, ಸುತ್ತಲಿನ ಮಕ್ಕಳನ್ನು ಕಣ್ಣರಳಿಸಿ ನೋಡಿದರು. ಕೊಡೆ ಪಕ್ಕದಲ್ಲೇ ತೇಲುತ್ತಿತ್ತು.

ನಾನು ಅವರ ಒಂದು ಹಿಮ್ಮಡಿ ಹಿಡಿದುಕೊಂಡು ಕೆಳಗೆ ನಿಂತಿದ್ದೆ. ‘ತಪ್ಪಾಯ್ತ್ರಿ ಸರ್,’ ಎಂದೆ. ಅಭ್ಯಾಸಬಲ.

‘ಏನು ತಪ್ಪಾತು?’ ಎಂದರು ಕಣ್ಣೊರೆಸಿಕೊಂಡು. ‘ಆ ಹುಡುಗಿ ಹೇಳಿದ್ದು ಖರೇ ಅದ. ತಪ್ಪಂದವ ನಾನು. ನೀವು ಮಾಡಿ ನೋಡಿದ್ರಿ. ಪಾಸಾದ್ರಿ ಅಂತ ತಿಳೀರಿ, ಪರೀಕ್ಷೆ ಮುಗೀತು.’ ಒಂದು ಬಿಕ್ಕಳಿಕೆ ಬಂದು ಅವರು ಗೇಣುದ್ದ ಇಳಿದರು. ಬಕೆಟ್ಟನ್ನೇ ನೋಡುತ್ತಿದ್ದರು. ‘ಇನ್ನ ಇದನ್ನ ಕೇಳಾಕತ್ತಾಂವ ಪರೀಕ್ಷಕ ಅಲ್ಲ, ನಾನು. ಕಲ್ಲು ಮ್ಯಾಲ ಬಂತು, ಚಮಚ ಬಂತು, ನಾನೂ ಬಂದೆ. ನೀರು ಯಾಕ ಬರಲಿಲ್ಲ?’

ನಾನು ಬಕೆಟ್ಟಿನ ಕಡೆ ನೋಡಿದೆ. ಹೌದು. ನೀರು ಇದ್ದಲ್ಲೇ ಇತ್ತು. ಇಷ್ಟು ಕಾಲ ನಕ್ಕು ನಕ್ಕು ಬದುಕಿದ ಈ ಊರಿನಲ್ಲಿ ಯಾರೂ ಇದನ್ನು ಕೇಳಿದ್ದಿಲ್ಲ. ಪುಸ್ತಕದಲ್ಲಿಲ್ಲ, ಗಿರಣಿ ನುಂಗಿದ ಅರ್ಧಗಳಲ್ಲೂ ಇದ್ದಿರಲಾರದು. ‘ಗೊತ್ತಿಲ್ರಿ,’ ಎಂದೆ. ಆ ಮಾತು ಎಲ್ಲಿ ಬಾಯಿಂದ ಬಂದೀತೋ ಎಂದು ಜೀವಮಾನವೆಲ್ಲ ಹೆದರಿದ್ದೆ. ಬಂತು, ಸೂರು ಬೀಳಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಇಳಿಯುತ್ತಾ ಊಹಿಸತೊಡಗಿದರು. ‘ನೀರಿಗೆ ಕಿವಿ ಇಲ್ರಿ.’ ‘ನೀರಿಗೆ ಗುಗ್ಗರಿ ಅಂದ್ರ ತಿಳಿಯೂದಿಲ್ರಿ, ಅದಕ್ಕ ಹಲ್ಲಿಲ್ಲ.’ ಲೀಲಾ ಮಾತ್ರ ಹುಬ್ಬು ಗಂಟಿಕ್ಕಿ ಕಿಟಕಿಯಾಚೆ ನೋಡುತ್ತಿದ್ದಳು. ‘ನೀರೂ ನಗ್ತದ್ರಿ,’ ಎಂದಳು. ‘ಮೋಡ ಮತ್ತ ಹೆಂಗ ಮ್ಯಾಲ ಹೋತು?’

ಗುಗ್ಗರಿ ಸರ್ ಬಾಯಿ ತೆರೆದರು. ‘ತಪ್’ ಎಂಬಷ್ಟು ಹೊರಬಂತು, ಉಳಿದದ್ದನ್ನು ಅವರೇ ನುಂಗಿಕೊಂಡರು. ನೆಲಕ್ಕೆ ಕಾಲೂರಿ ‘ಬಕೆಟ್ ಹೊರಗ ತರ್ರಿ,’ ಎಂದರು.

ಅಂಗಳದಲ್ಲಿ ಬಕೆಟ್ಟಿನ ಸುತ್ತ ಎಲ್ಲರೂ ಕೂತೆವು. ಮಲ್ಲು ನೀರಿಗೆ ತನ್ನ ಅಜ್ಜಿಯ ಕಥೆ ಹೇಳಿದ. ನೀರು ಕೇಳಲಿಲ್ಲ. ದ್ಯಾಮವ್ವ ಅದರ ಮುಂದೆ ಕಣ್ಣು ಮೆಳ್ಳೆ ಮಾಡಿ ತೋರಿಸಿದಳು. ಏನೂ ಆಗಲಿಲ್ಲ. ‘ಕಚಗುಳಿ ಇಟ್ಟು ನೋಡ್ರಿ ಸರ್’ ಎಂದಳು ಲೀಲಾ. ಗುಗ್ಗರಿ ಸರ್ ಕೋಟು ಕಳಚಿ ದ್ಯಾಮವ್ವನ ಕೈಗೆ ಕೊಟ್ಟರು, ಮಂಡಿಯೂರಿದರು, ತೋಳು ಮಡಚಿ ಮೊಳಕೈವರೆಗೆ ನೀರಿನಲ್ಲಿಳಿಸಿದರು. ಬೆರಳಾಡಿಸುತ್ತಾ ಅತ್ತ ಇತ್ತ ತಡಕಿದರು. ಮಕ್ಕಳು ಬಕೆಟ್ಟಿನ ಮೇಲೆ ಬಾಗಿದರು. ಬಹಳ ಹೊತ್ತು ತಡಕಿ ಅವರು ತಲೆಯೆತ್ತಿ ನನ್ನನ್ನು ನೋಡಿದರು.

‘ಅಕ್ಕೋರೆ,’ ಎಂದರು ದನಿ ತಗ್ಗಿಸಿ, ‘ನೀರಿಗೆ ಕಂಕುಳ ಎಲ್ಲಿರ್ತದ್ರಿ?’

‘ಗೊತ್ತಿಲ್ರಿ ಸರ್,’ ಎಂದು ನಾನೂ ಸೆರಗು ಸಿಕ್ಕಿಸಿ ಕೈ ಇಳಿಸಿದೆ. ‘ಹುಡುಕೂಣು.’